ನೂರರಾಗ ಮೂವತ್ನಾಕು

ಹುನಗುಂದ ಕೋರ್ಟಿನ ಕಟ್ಟಿ ಮ್ಯಾಲೆ
ವಕೀಲರು ಮೆಲ್ಲಗ ಅಂದ್ರು:
‘ಗುರುಬಸವ್ವಾ, ಡಾಕ್ಟರು ಮತ್ತೊಮ್ಮೆ ಅಳತಿ ಮಾಡೂತನಕ
ಆ ಕೈ ಭಾಳ ಮಡಚಬ್ಯಾಡ.’

ಟಂಟಂ ಪಲ್ಟಿ ಆಗಿ ಮೂರು ವರ್ಷ.
ನನ್ನ ಬಲಗೈಯಾಗ ನೂರರಾಗ ಮೂವತ್ನಾಕು
ಸತ್ತೈತಂತ, ಕಾಗದದ ಪ್ರಕಾರ.
ಉಳಿದದ್ದು ಯಾವ ಬೆರಳಾಗೈತಿ
ಬರದಿಲ್ಲ.

ನಾ ಇಳಕಲ್ಲಿನಾಕಿ.
ಒಡಲಿನ ಎಳಿಗೆ ಸೆರಗಿನ ಎಳಿ
ಕೊಂಡಿ ಹಾಕಿ ಕೂಡಸ್ತಿದ್ದೆ, ಸಾವಿರಗಟ್ಟಲೆ.
ಆದಾಯದ ಪುರಾವೆ ಕೇಳಿದ್ರು.
ಸೀರಿ ಉಟ್ಟಾಕಿನ್ನ ಎಲ್ಲಿಂದ ಕರಕೊಂಡು ಬರ್ಲಿ?

ಸರಕಾರಿ ದವಾಖಾನಿ ಹುಡುಗಿ ಶಾಹೀನಾ
ವಾರಕ್ಕೊಮ್ಮೆ ಬರ್ತಾಳ, ಬಸ್ಸು ಸಿಕ್ಕರ.
ರಬ್ಬರ್ ಚೆಂಡು ಕೊಟ್ಟು
‘ಹಿಚುಕ್ರಿ ಅಕ್ಕಾ’ ಅಂತಾಳ.
ಹಿಚುಕಿದ್ರ ರೊಕ್ಕ ಕಡಿಮಿ,
ಬಿಟ್ರ ಕೈನ ಇಲ್ಲ.

ಸಾಹೇಬ್ರ, ಸತ್ತದ್ದಕ್ಕ ಇಷ್ಟು ಖಾನಿ ಮಾಡೀರಿ.
ಮತ್ತ ಜೀವ ಹಿಡಿಯೂದಕ್ಕ,
ಆಕೀ ಬಸ್ಸಿಗೆ, ಈ ಚೆಂಡಿಗೆ,
ಮಗ್ಗದ ಮುಂದ ಸುಮ್ಮನ ಕುಂತ ದಿನಕ್ಕ
ಒಂದು ಖಾನಿ ಇರಬಾರದೇನ್ರಿ?

ರಾತ್ರಿ ಕೌದಿಯೊಳಗ
ಕಳುವು ಮಾಡಿದಂಗ ಚೆಂಡು ಹಿಚುಕತೀನಿ.
ನಿನ್ನೆ ಹೆಬ್ಬಟ್ಟು ನಡಗಕೋತ ಹೋಗಿ
ಕಿರುಬೆರಳಿನ ತುದಿ ಮುಟ್ಟಿ ಬಂತು.

ನಾಳೆ ತಾರೀಖೈತಿ.
ಯಾರಿಗೂ ಹೇಳಿಲ್ಲ.