ಪೀಚ್ ಹಣ್ಣಿನ ಬಾಟಲಿ

ಚಿಲೊಯೆ ದ್ವೀಪದ ಕೊನೆಯ ಬಂದರು, ಕೆಯೋನ್.
ಬೆಳಗಿನ ಆರಕ್ಕೆ ಇನ್ನೂ ಕತ್ತಲು.
ಟ್ಯಾಂಕಿನ ಅಡಿಯ ನಲ್ಲಿಯನ್ನು ಕಾಲು ಸುತ್ತು ತಿರುಗಿಸಿ
ಬಾಟಲಿ ಹಿಡಿದಳು ಎದುಬಿನಾ ಗ್ವೆಂತೆಯೊ,
ದೋಣಿಯ ಒಡತಿ.
ಪೀಚ್ ಹಣ್ಣು ತಿಂದು, ತೊಳೆದು ಇಟ್ಟುಕೊಂಡ ಬಾಟಲಿ.

"ಅಲ್ಲಾಡಿಸಬೇಡ. ಕಾಫಿ ಕುಡಿ, ಆಮೇಲೆ ನೋಡು."

ಕಾಫಿ ಮುಗಿಯುವಷ್ಟರಲ್ಲಿ
ಮೇಲೆ ಜೇನುಬಣ್ಣದ ಡೀಸೆಲ್,
ಕೆಳಗೆ ಒಂದು ಬೆರಳು ನೀರು,
ನಡುವಿನ ಗಡಿಯಲ್ಲಿ
ಕೆನೆಯಂಥದೊಂದು, ಆದರೆ ಕಪ್ಪು.
"ಜೀವ ಅದು," ಅಂದಳು,
"ನೀರಲ್ಲಿ ಮನೆ, ಎಣ್ಣೆಯೇ ಊಟ.
ನಾವೂ ಹೆಚ್ಚುಕಡಿಮೆ ಹಾಗೇ."

ನೀರು ಎಲ್ಲಿಂದ ಬಂತು? ಕೇಳಿದೆ.
ಟ್ಯಾಂಕು ಅರ್ಧ ಖಾಲಿ ಬಿಟ್ಟರೆ ಖಾಲಿಯೂ ಉಸಿರಾಡುತ್ತೆ,
ರಾತ್ರಿ ತಗಡು ಒಳಗೊಳಗೇ ಬೆವರುತ್ತೆ,
ಮುಚ್ಚಳದ ರಬ್ಬರು ಸವೆದರೆ ಅಲೆಯೇ ನೆಂಟ.
ಮಿಕ್ಕದ್ದು ಬಾಲ್ದೊಮೆರೊ ಮಾರಿದ್ದು.
ಡ್ರಮ್ಮಿನ ತಳದ್ದನ್ನೇ ಸುರಿಯುತ್ತಾನೆ,
ಬಂದರಿಗೆಲ್ಲ ಗೊತ್ತು.
ಮೀನು ಸಿಗದ ವರ್ಷ ಅವನ ತಾಯಿ
ಲೆಕ್ಕ ಬರೆಯದೆ ಹಿಟ್ಟು ಅಳೆದು ಕೊಟ್ಟಿದ್ದಳು.
ಹಾಗಾಗಿ ಅವನೆದುರು ನಮಗೆ ಬಾಯಿಲ್ಲ;
ಜರಡಿ ಇದೆ.

ಇಂಜಿನ್ ಚೆನ್ನಾಗೇ ಓಡ್ತಿದೆಯಲ್ಲ, ಅಂದೆ ಒಮ್ಮೆ.
"ಕಟ್ಟಿಹಾಕಿದ ದೋಣಿಯಲ್ಲಿ ಯಾವ ಇಂಜಿನ್ ಓಡಲ್ಲ?"

ಜುಲೈನಲ್ಲಿ ಮೂರು ವಾರ ಅವಳು ಆಸ್ಪತ್ರೆಯಲ್ಲಿ.
ಬಾಟಲಿ, ಪುಸ್ತಕ ನನ್ನ ಪಾಲಿಗೆ.
ಚಳಿಗೆ ಬೆರಳು ಸೆಟೆದಿದ್ದವು, ಹಾಸಿಗೆ ಬೆಚ್ಚಗಿತ್ತು.
ನಲ್ಲಿ ಮುಟ್ಟದೆ ಬರೆದೆ: ನೀರಿಲ್ಲ.
ಮಾರನೆಯ ದಿನವೂ: ನೀರಿಲ್ಲ.
ಹತ್ತೊಂಬತ್ತು ಸಲ, ದುಂಡಗಿನ ಅಕ್ಷರದಲ್ಲಿ.

ಆಗಸ್ಟ್. ಕೊರ್ಕೊವಾದೊ ಕೊಲ್ಲಿಯ ನಟ್ಟನಡುವೆ
ಸಮುದ್ರ ನಮ್ಮನ್ನು ಮೊರದಲ್ಲಿಟ್ಟು ಕೇರಿತು.
ತಳದಲ್ಲಿ ಮಲಗಿದ್ದದ್ದೆಲ್ಲ ಎದ್ದು ನಿಂತಿತು.
ಇಂಜಿನ್ ಒಮ್ಮೆ ಕೆಮ್ಮಿತು,
ಮತ್ತೊಮ್ಮೆ.
ಆಮೇಲೆ ಗಾಳಿಯ ಸದ್ದು ಮಾತ್ರ.

ಬಾಟಲಿ ಉರುಳಿ ಎಲ್ಲೋ ಒಡೆಯಿತು.
ಟಾರ್ಚು ನನ್ನ ಕೈಯಲ್ಲಿ ನಡುಗುತ್ತಿತ್ತು;
"ಆರಿಸು, ಕಣ್ಣು ಕುಕ್ಕುತ್ತೆ," ಅಂದು
ಹೊಲಿಗೆ ಇನ್ನೂ ಮಾಯದ ಹೊಟ್ಟೆ ಹಿಡಿದು ಬಾಗಿದಳು.
ಕತ್ತಲಲ್ಲೇ ಹಳೆಯ ಫಿಲ್ಟರ್ ಕಳಚಿದಳು,
ಹೊಸದು ಕೂರಿಸಿದಳು,
ತಿರುಪು ಸಡಿಲಿಸಿ ಒತ್ತಿದಳು, ಒತ್ತಿದಳು,
ಗುಳ್ಳೆಗಳೆಲ್ಲ ಸತ್ತು ಬರಿಯ ಎಣ್ಣೆ ಬೆರಳಿಗೆ ತಾಗುವ ತನಕ.
ತೆಗೆದ ಫಿಲ್ಟರನ್ನು ನನ್ನ ಮಡಿಲಲ್ಲಿಟ್ಟಳು.
ಲೋಳೆ. ಭಾರ.
ಪುಸ್ತಕದ ಮಾತು ಆಗಲೂ ಎತ್ತಲಿಲ್ಲ,
ದಡ ಮುಟ್ಟಿದ ಮೇಲೂ.

ಮರುದಿನ ಬೆಳಿಗ್ಗೆ ನನ್ನ ದಿಂಬಿನ ಪಕ್ಕ
ಒಂದು ಬಾಟಲಿ, ಮುಚ್ಚಳ ತೆಗೆಯದ್ದು,
ತುಂಬ ಪೀಚ್ ಹೋಳು.
"ತಿಂದು ಮುಗಿಸು," ಮೆಟ್ಟಿಲ ಮೇಲಿಂದ ಅವಳ ದನಿ,
"ಆಮೇಲೆ ತೊಳೆದು ಒರೆಸು.
ಒಂದು ಹನಿ ನೀರು ಉಳಿದರೂ
ಯಾರದ್ದೆಂದು ತಿಳಿಯುವುದಿಲ್ಲ."