ಹಾಸಿಗೆ ಇದ್ದಷ್ಟು

ಯೈಲೊ ಪೇಟೆಯ ಅಂಗಡಿಯಲ್ಲಿ
ಬೂಟು ಕಳಚಿ ನೆಲದ ಮೇಲೆ ಮಲಗಿದ್ದಾಳೆ ಟೋರ್ಬ್ಯೋರ್ಗ್.
ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಸೊಂಟ
ಎಡಕ್ಕೆ ಹೊರಳುತ್ತದೆ, ನೆಲ ಮುಟ್ಟುತ್ತದೆ. ಇದು ಬೇಡ.
ಮುಂದಿನದು, ಮಗ್ಗುಲಾದಾಗೆಲ್ಲ ಚಿಪ್ಸ್ ಪೊಟ್ಟಣ.
ಅದೂ ಬೇಡ.
ಗಿರಾಕಿಗಳು ಅವಳ ಕಾಲು ದಾಟಿ ಹೋಗುತ್ತಾರೆ.

"ಇದು ನಾನೂರ ಎಂಬತ್ತು ಗ್ರಾಂ," ಎನ್ನುತ್ತಾನೆ ಹುಡುಗ ಐವಿಂದ್,
"ಬಾಯಿಂದ ಊದಬೇಡಿ, ಉಸಿರಿನ ಪಸೆಗೆ ಒಳಗೆ ಬೂಷ್ಟು ಕಟ್ಟುತ್ತದೆ."
ಅವಳು ಕೇಳುವುದು ಒಂದೇ:
ಕೆಳಗಿನ ಚಳಿಯನ್ನು ಎಷ್ಟು ಹೊತ್ತು ತಡೆಯುತ್ತದೆ?

ಹಾರ್ಡಾಂಗರ್ ಬಯಲು. ಸೆಪ್ಟೆಂಬರ್.
ಮರವೇ ಇಲ್ಲದ ಕಡೆ ಗಾಳಿಗೆ ಕೆಲಸ ಹೆಚ್ಚು.
ಊದುವ ಚೀಲ ಮನೆಯ ಮೇಜಿನ ಮೇಲೆ.
ಮೂವತ್ತೆರಡು ಉಸಿರು; ನಡುವೆ ಒಮ್ಮೆ ತಲೆಸುತ್ತು,
ಒಮ್ಮೆ ಐವಿಂದನ ನೆನಪು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು
ಪಾದದ ಕಡೆ ಕಿರಿದಾಗುವ ಈ ಹಾಸಿಗೆ ಕಂಡಿರಲಾರರು:
ಹಿಮ್ಮಡಿ ಎರಡೂ ಹೊರಗೆ, ನೆಲದ ಪಾಲಿಗೆ.

ತಮಟೆಯಂತೆ ಬಿಗಿದದ್ದನ್ನು
ಬಿರಡೆ ಒತ್ತಿ ಒಂದಿಷ್ಟು ಸಡಿಲಿಸಿದಳು.
ಸೊಂಟ ಇಳಿಯಿತು, ನಿಂತಿತು,
ನೆಲಕ್ಕಿಂತ ಎರಡು ಬೆರಳು ಮೇಲೆ.
ನಿದ್ದೆ.

ಮೂರು ಗಂಟೆಗೆ ಕಲ್ಲುಗಳು ಬಂದವು.
ಭುಜಕ್ಕೊಂದು, ಆಮೇಲೆ ಪಕ್ಕೆಗೆ,
ದಿನಾ ಹತ್ತುವ ಪ್ರಯಾಣಿಕರು,
ತಂತಮ್ಮ ಸೀಟು ಗೊತ್ತಿದ್ದವರು.

ಬೆಳಿಗ್ಗೆ ಮಡುವಿನಲ್ಲಿ ಅದನ್ನು ಮುಳುಗಿಸಿ ಹಿಡಿದಳು,
ಮೊಣಕೈವರೆಗೂ ಸೆಟೆದ ಕೈ.
ಏನೂ ಇಲ್ಲ. ಏನೂ ಇಲ್ಲ.
ಆಮೇಲೆ ಮೂಲೆಯಿಂದ
ಸಾಸಿವೆಯಷ್ಟು ಗುಳ್ಳೆ, ಅದರ ಹಿಂದೆ ಇನ್ನೊಂದು,
ರಾತ್ರಿ ತಾನೇ ಊದಿದ್ದು.
ಬೆರಳಿಟ್ಟು ಮುಚ್ಚುವ ಮೊದಲು
ಹತ್ತು ಎಣಿಸುವವರೆಗೆ ಸುಮ್ಮನೆ ನೋಡಿದಳು.

ಅಂಟು ಒಣಗಲು ನಾಲ್ಕು ತಾಸು ಎಂದು ಬರೆದಿದೆ.
ಕಾಫಿಗೆ ನೀರಿಟ್ಟಳು.