ಹದಿನೇಳನ್ನು ಒತ್ತಿ

ಶುಕ್ರವಾರ ಬ್ಯಾಡ, ಬಾಗಿಲಾ ಹಾಕಿರತಾರ.
ಶನಿವಾರ ಇಳಕಲ್ಲಿನಿಂದ ಏಳರ ಬಸ್ಸು,
ಹುನಗುಂದ ದಾಟಿ ಅಮೀನಗಡದಾಗ ಇಳಿದು
ಐಹೊಳಿಗೆ ಇನ್ನೊಂದು. ಸಿಗದಿದ್ರ ಟಂಟಂ.
ಕ್ಯಾಲೆಂಡರಿನ ಹಿಂಬದಿಗೆ ದೊಡ್ಡ ಅಕ್ಷರದಾಗ ಬರದು
ಯಮನೂರಪ್ಪ ಮಾವನ ಮುಂದ ಹಿಡದೆ.
ಗ್ರಾನೈಟಿನ ಮಷಿನ್ನು ಇಪ್ಪತ್ತಾರು ವರ್ಷ
ಅವನ ಎರಡೂ ಕಿವಿಗೆ ಪಾಲಿಶ್ ಹೊಡದೈತಿ.

"ಅಲ್ಲೇನೈತಿ?" ಅಂದ, ಓಣಿಗೆಲ್ಲ ಕೇಳೂವಂಗ.
ಬರದೆ: ಮ್ಯೂಸಿಯಂ. ಹಳೇ ಮೂರ್ತಿ.
ಸ್ವಲ್ಪ ತಡದು, ಕೆಳಗ: ನನ್ನ ದನಿ.

ಹೌದು. ಹೋದ ಮಾಘದಾಗ
ಬಾಗಲಕೋಟಿ ನವನಗರದಾಗ
ಗ್ವಾಡಿಗೆ ಗಾದಿ ಕಟ್ಟಿದ ಒಂದು ಖೋಲಿ.
ಫ್ಯಾನು ಬಂದ್. ಬಳಿ ತೆಗಸಿದ್ರು.
ನಲವತ್ತೆರಡು ಚೀಟಿ ಕೊಟ್ರು.
ನೋಡಾಕ ಬಂದವರು ಕಿವಿಗೆ ಹಾಕ್ಕೋತಾರ,
ನಂಬರ್ ಒತ್ತತಾರ, ನೀವು ಮಾತಾಡತೀರಿ ಅಂದ್ರು.
"ಈಗ ನಿಮ್ಮ ಎಡಕ್ಕೆ ತಿರುಗಿ" ಅಂದೆ,
ಎಡಕ್ಕ ಏನೈತಿ ಗೊತ್ತಿಲ್ದ.
"ತುಟಿಯಂಚಿನ ಮಂದಹಾಸವನ್ನು ಗಮನಿಸಿ" ಅಂದೆ,
ಎದುರಿಗೆ ಗಾದಿ ಮ್ಯಾಲಿನ ನೀಲಿ ಹೂವು.
"ದಯವಿಟ್ಟು ಶಿಲ್ಪಗಳನ್ನು ಮುಟ್ಟಬೇಡಿ" ಅನ್ನೂದು
ಆರು ಸಲ, ಆರೂ ಸಲ ನಗುನಗುತ್ತ.
ಹದಿನೇಳನೇದು, ಎಡಗೈ ಮುರದ ದ್ವಾರಪಾಲಕ.
'ತ್ರಿಭಂಗಿ'ಗೆ ನಾಲಿಗಿ ಮೂರು ಸಲ ಎಡವಿ
ನಾಕನೇ ಸಲಕ್ಕ ಹುಡುಗ ಹೆಬ್ಬೆಟ್ಟು ಎತ್ತಿದ.
ಎಡವಿದ ಮೂರು ಎಲ್ಲಿ ಹೋದುವು, ಕೇಳಿದ್ದೆ.
ಅಳಿಸೀವ್ರೀ ಮೇಡಂ, ಅಂದ.

ಹಿಂಗ, ಒಂದೂ ಕಲ್ಲು ಕಣ್ಣಿಲೆ ಕಾಣದ
ನಾ ಎಲ್ಲಾ ಕಲ್ಲಿನ ಪರವಾಗಿ ಮಾತಾಡಿ ಬಂದೆ.
ರೊಕ್ಕ ಬಂತು. ಮಿಕ್ಸರ್ ಬಂತು.

ಮಾವ ನಕ್ಕ: "ಕಿವುಡನ್ನ ಕರಕೊಂಡು
ದನಿ ಕೇಳಸಾಕ ಹೊಂಟೀಯೇನಬೇ?"
ನಾನೂ ನಕ್ಕೆ. ಬ್ಯಾರೆ ಯಾರನ್ನ ಕರೀಲಿ?
ಕಲ್ಲು ನೋಡಾಕ ಬರೂವವರು
ನಮ್ಮನ್ಯಾಗ ಇವನೊಬ್ಬನ.

ಮತ್ತ ಕೇಳಿದ, ಈ ಸಲ ಸಣ್ಣ ದನೀಲೆ,
ಎಷ್ಟು ಸಣ್ಣ ಅನ್ನೂದು ಅವಗ ತಿಳೀಲಾರದ:
"ಉಳಿ ಎಲ್ಲಿ ಜಾರೇತಿ ಅನ್ನೂದು ಹೇಳೀಯೇನು?"
ಇಲ್ಲ, ಗೋಣು ಅಲ್ಲಾಡಿಸಿದೆ.
"ಯಾವ ಮಗ್ಗಲದಿಂದ ಸುರು ಮಾಡ್ಯಾನು?"
ಇಲ್ಲ.
"ಮೊದಲು ಮೂಗೋ, ಮಳಕಾಲೋ?"
ಚೀಟಿಯೊಳಗ ರಾಜರ ಹೆಸರಿದ್ದುವು, ಶತಮಾನ ಇದ್ದುವು,
ಕಿರೀಟದ ಮಾಟಕ್ಕ ಎರಡು ಸಾಲು.
"ಅಲ್ಲಿಂದು ಮರಳಗಲ್ಲು. ಬೆಲ್ಲದಂಗ, ಹೇಳಿದಂಗ ಕೇಳತೈತಿ.
ಕೇಳೂ ಕಲ್ಲಿನ್ಯಾಗ ತಪ್ಪು ಜಾಸ್ತಿ" ಅಂದ.
"ನಾ ಬರತೀನಿ."

ಕ್ಯಾಲೆಂಡರ್ ಕಸಗೊಂಡು ತಾನ ಬರದ:
ರೊಟ್ಟಿ. ಶೇಂಗಾ ಹಿಂಡಿ. ಚಾಳೀಸು.
ಬರೂ ಮುಂದ ಅಮೀನಗಡದಾಗ ಕರದಂಟು, ಅರ್ಧ ಕಿಲೋ.
ನಾ ಸೇರಿಸಿದೆ: ಒಂದೊಂದರ ಮುಂದ ಐದು ಮಿನಿಟು.
ಅವ 'ಐದು' ಹೊಡದು ಹಾಕಿ ಏನೂ ಬರೀಲಿಲ್ಲ.

ಒಂದು ಮಾತು ಅವಗ ಇನ್ನೂ ತಿಳಿಸಿಲ್ಲ.
ಹದಿನಾರು ಮುಗದು ಹದಿನೇಳು ಸುರು ಆಗೂತನ
ಏಳು ಸೆಕೆಂಡು ಖಾಲಿ ಇಟ್ಟಾರ, ನಡಿಯಾಕಂತ.
ಉಸಿರು ಸುದ್ದಾ ಬಿಡಬ್ಯಾಡ್ರಿ ಅಂದಿದ್ರು.
ಆ ಏಳು ಸೆಕೆಂಡು ಮಾವಗ ಎಷ್ಟು ಕೇಳತೈತಿ
ನನಗೂ ಅಷ್ಟ.

ಕಡೀಕ ಅವಗ ನೆನಪಾತು: ಬ್ಯಾಟರಿ.
"ಮುಟ್ಟಗೊಡೂದಿಲ್ಲಂದ್ರ ಬೆಳಕರ ಮುಟ್ಟಲಿ."
ಕಾವಲದವ ಬ್ಯಾಡಂದ್ರ?
"ನೋಡೂಣು."
ಹೊಸ ಸೆಲ್ಲು ಹಾಕಿ, ಅಡಗಿಮನಿ ಲೈಟ್ ಆರಸಂದು,
ಗ್ವಾಡಿಗೆ ಕೆನ್ನಿ ಹಚ್ಚಿ ನಿಂತು ಓರೆ ಹಿಡದ.
ಇಷ್ಟು ವರ್ಷ ಸಪಾಟ ಇದ್ದ ಗ್ವಾಡಿ
ಎದ್ದು ಬಂತು: ಯಾವನೋ ಗೌಂಡಿಯ ಕೈ
ಮ್ಯಾಲಿಂದ ಕೆಳಗ, ಮ್ಯಾಲಿಂದ ಕೆಳಗ,
ಸ್ವಿಚ್ಚಿನ ಹತ್ರ ಒಂಚೂರು ತಡದು,
ಯಾರೋ ಕರದಿರಬೇಕು,
ಮತ್ತ ಕೆಳಗ.